ಕ್ಯಾಪ್ಟನ್ ಕಿಡ್ ಬಗ್ಗೆ ಬರೆದವರಿಗೆ

ನಮಸ್ಕಾರ.

‘ಕಿಡ್: ಕಡಲ್ಗಳ್ಳನಲ್ಲ, ಬಲಿಪಶು’ ಎಂಬ ನಿಮ್ಮ ಲೇಖನ ಓದಿದೆ; 1701ರಲ್ಲಿ ಕೊಲೆ, ಕಡಲ್ಗಳ್ಳತನಗಳ ಅಪರಾಧಕ್ಕಾಗಿ ಲಂಡನ್ನಿನಲ್ಲಿ ಗಲ್ಲಿಗೇರಿದ ನಾವಿಕ ವಿಲಿಯಂ ಕಿಡ್ ಕುರಿತದ್ದು. ಭಾಷೆ ಹದವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯಗಳನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

“ಅವನು ಹೂತಿಟ್ಟ ಅಪಾರ ನಿಧಿ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲವಂತೆ.” ಹೂತಿಟ್ಟದ್ದು ನಿಜ. 1699ರ ಜೂನ್‌ನಲ್ಲಿ, ನ್ಯೂಯಾರ್ಕ್ ಕಡೆಯ ಗಾರ್ಡಿನರ್ ದ್ವೀಪದಲ್ಲಿ, ಅದರ ಮಾಲೀಕ ಜಾನ್ ಗಾರ್ಡಿನರ್‌ಗೆ ತಿಳಿಸಿಯೇ ಹೂತ. ಜುಲೈನಲ್ಲಿ ಬಾಸ್ಟನ್‌ನಲ್ಲಿ ಕಿಡ್ ಸೆರೆಯಾದ ಮೇಲೆ ಆ ಇಂಗ್ಲಿಷ್ ವಸಾಹತುಗಳ ಗವರ್ನರ್ ಬೆಲ್ಲೊಮಾಂಟ್ ಅದನ್ನು ತರಿಸಿಕೊಂಡ. ಬೇರೆಡೆ ವಶಪಡಿಸಿಕೊಂಡದ್ದೂ ಸೇರಿ ಲೆಕ್ಕ ಹೀಗಿದೆ: 1,111 ಔನ್ಸ್ ಚಿನ್ನ, 2,353 ಔನ್ಸ್ ಬೆಳ್ಳಿ, 57 ಚೀಲ ಸಕ್ಕರೆ, 41 ಮೂಟೆ ಸರಕು. ಈ ಪಟ್ಟಿ ಕೊಟ್ಟರೆ ನಿಮ್ಮ ‘ಅಂತೆ’ಗೆ ಜಾಗವೇ ಇರುವುದಿಲ್ಲ. ಅವನು ಕೆರಿಬಿಯನ್‌ನಲ್ಲಿ ಬಿಟ್ಟುಬಂದ ಹಡಗಿನ ಅವಶೇಷವೂ 2007ರಲ್ಲಿ ಕ್ಯಾಟಲೀನಾ ದ್ವೀಪದ ಹತ್ತಿರ ಸಿಕ್ಕಿತು. ಕಂಡದ್ದು ಫಿರಂಗಿಗಳು, ಲಂಗರುಗಳು.

ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಹಸ್ತಪ್ರತಿಯ ಅಂಚಿನಲ್ಲಿ ‘ಯಾರು ಕಂಡರು? ಯಾವಾಗ ಹೇಳಿದರು? ಹೇಳಿದ್ದರಿಂದ ಅವರಿಗೇನು ಲಾಭ?’ ಎಂದು ಬರೆಯುತ್ತಿದ್ದರು. ಉತ್ತರವಿಲ್ಲದ ಸಾಲು ಅಚ್ಚಿಗೆ ಹೋಗುತ್ತಿರಲಿಲ್ಲ. ಇವೇ ಪ್ರಶ್ನೆಗಳನ್ನು ನಿಮ್ಮ ಎರಡನೆಯ ವಾಕ್ಯಕ್ಕೆ ಹಾಕಿ ನೋಡಿ.

“ಫ್ರೆಂಚ್ ರಹದಾರಿಗಳು ಸಿಕ್ಕ ಮೇಲೆ ಅವನು ನಿರಪರಾಧಿ ಎಂಬುದು ಸಾಬೀತಾಯಿತು.” ಇದೇ ನನ್ನನ್ನು ಹೆಚ್ಚು ಕೆಣಕಿದ್ದು. ಫ್ರೆಂಚ್ ಹಡಗುಗಳನ್ನೂ ಕಡಲ್ಗಳ್ಳರನ್ನೂ ಹಿಡಿಯಲು ಕಿಡ್‌ಗೆ ಪರವಾನಗಿ ಇತ್ತು. 1698ರ ಜನವರಿಯಲ್ಲಿ ಕೊಚ್ಚಿಯ ಆಚೆ ಹಿಡಿದ ‘ಕ್ವೆಡಾ ಮರ್ಚೆಂಟ್’ ಹಡಗು ಫ್ರೆಂಚ್ ರಹದಾರಿ, ಅಂದರೆ ಫ್ರೆಂಚರ ರಕ್ಷಣೆಯ ಕಾಗದ, ತೋರಿಸಿತ್ತು. ವಿಚಾರಣೆಯಲ್ಲಿ ಆ ಕಾಗದ ಅವನ ಕೈಗೆ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ದಫ್ತರಿನಲ್ಲಿ ಪತ್ತೆಯಾಯಿತು. ಅನ್ಯಾಯ ಆದದ್ದು ಹೌದು. ಆದರೆ ರಹದಾರಿ ಸಮರ್ಥಿಸುವುದು ಆಯಾ ಹಡಗನ್ನು ಹಿಡಿದದ್ದನ್ನು ಮಾತ್ರ. 1697ರ ಆಗಸ್ಟ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಯೆಮನ್‌ನ ಮೋಖಾ ಬಂದರಿನಿಂದ ಹೊರಟ ಹಡಗುಗಳ ಬೆನ್ನು ಹತ್ತಿದ್ದಕ್ಕೆ ಅದು ಉತ್ತರ ಕೊಡುವುದಿಲ್ಲ. ಅಕ್ಟೋಬರ್‌ನಲ್ಲಿ ತನ್ನದೇ ಹಡಗಿನ ಗೋಲಂದಾಜ (ಫಿರಂಗಿ ಹಾರಿಸುವವ) ವಿಲಿಯಂ ಮೂರ್‌ನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್‌ನಿಂದ ಹೊಡೆದು, ಅವನು ಮರುದಿನ ಸತ್ತದ್ದಕ್ಕೂ ಕೊಡುವುದಿಲ್ಲ. 1701ರ ಮೇನಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಮೊದಲು ನಡೆದದ್ದು ಈ ಕೊಲೆಯ ವಿಚಾರಣೆ. ನೀವು ಮೂರ್‌ನ ಹೆಸರನ್ನೇ ಎತ್ತಿಲ್ಲ.

ಕಾರವಾರವನ್ನೂ ಬಿಟ್ಟಿದ್ದೀರಿ, ಕನ್ನಡದಲ್ಲಿ ಬರೆಯುತ್ತ! 1697ರ ಸೆಪ್ಟೆಂಬರ್‌ನಲ್ಲಿ ಕಿಡ್ ಅಲ್ಲಿಗೆ ಬಂದ. ಅದಕ್ಕೂ ಮುಂಚೆ ಒಂದು ಸಣ್ಣ ಹಡಗನ್ನು ತಡೆದು ಅದರ ನಾಯಕ ಪಾರ್ಕರ್‌ನನ್ನು ಹಿಡಿದಿಟ್ಟುಕೊಂಡಿದ್ದ. ಅಲ್ಲಿನ ಇಂಗ್ಲಿಷ್ ವ್ಯಾಪಾರ ಕೋಠಿಯವರು ಹಡಗಿಗೇ ಬಂದು ಕೇಳಿದಾಗ ಅಂಥವನು ಯಾರೂ ಇಲ್ಲಿಲ್ಲ ಎಂದನೆಂಬುದು ವಿಚಾರಣೆಯ ಸಾಕ್ಷ್ಯ. ಆ ಸಾಕ್ಷಿ ಕ್ಷಮೆಯ ಆಸೆಯಿಂದ ಹೇಳಿರಬಹುದು, ಅದನ್ನೂ ಬರೆಯಿರಿ. ಆದರೆ ಕಾರವಾರದಲ್ಲೇ ಕಿಡ್‌ನ ಹಡಗು ಬಿಟ್ಟ ಬೆಂಜಮಿನ್ ಫ್ರಾಂಕ್ಸ್ ಈ ಪಯಣದ ಬಗ್ಗೆ ಮುಂಬಯಿಯಲ್ಲಿ ಹೇಳಿಕೆ ಕೊಟ್ಟದ್ದು 1697ರ ಅಕ್ಟೋಬರ್ 20ರಂದು. ‘ಕ್ವೆಡಾ’ ಆಗಿನ್ನೂ ಸೆರೆಯಾಗಿರಲಿಲ್ಲ, ಕಿಡ್ ಬಗ್ಗೆ ಲಂಡನ್ನಿನಲ್ಲಿ ಎದ್ದ ಗದ್ದಲವೂ ಶುರುವಾಗಿರಲಿಲ್ಲ. ಹಾಗಾಗಿ ಅದರ ತೂಕ ಹೆಚ್ಚು.

ಫ್ರಾಂಕ್ಸ್‌ನ ಹೇಳಿಕೆಯನ್ನು ಮುಂದಿಟ್ಟುಕೊಂಡು ಲೇಖನವನ್ನು ಕಾರವಾರದಿಂದ ಶುರುಮಾಡಿ, ಮೂರ್‌ನ ಸಾವನ್ನು ಸೇರಿಸಿ, ನಿಧಿಯನ್ನು ಒಂದೇ ಪ್ಯಾರಾಕ್ಕೆ ಇಳಿಸಿ ಕಳಿಸಿ. ಮತ್ತೆ ಓದುತ್ತೇನೆ.