ಬೇರಿನ ಪುಡಿ ಕೆಲಸ ಮಾಡುತ್ತೆ, ತೊಂದರೆ ಇರೋದೂ ಅಲ್ಲೇ

ಪ್ರಶ್ನೆ: ನಮ್ಮ ಅಪ್ಪನಿಗೆ 63 ವರ್ಷ. ಬಿಪಿಗೆ ಅಟೆನೊಲಾಲ್ ಮಾತ್ರೆ ತಗೊಳ್ಳುತ್ತಿದ್ದರು. ಸಿದ್ದರಬೆಟ್ಟಕ್ಕೆ ಹೋದಾಗ ನಾರು ಬೇರು ಮಾರುವವರೊಬ್ಬರು ಸರ್ಪಗಂಧದ ಪುಡಿ ಕೊಟ್ಟರು. ಮಾತ್ರೆ ಬಿಟ್ಟು ತಿಂಗಳಿಂದ ರಾತ್ರಿ ಹೊತ್ತು ಅದನ್ನೇ ಹಾಲಿಗೆ ಹಾಕಿ ಕುಡಿಯುತ್ತಿದ್ದಾರೆ. 160 ಇದ್ದ ಬಿಪಿ 130ಕ್ಕೆ ಬಂದಿದೆ. ಆದರೆ ಯಾವಾಗ ನೋಡಿದರೂ ಮೂಗು ಕಟ್ಟಿಕೊಂಡಿರುತ್ತೆ, ಯಾರ ಜೊತೆಗೂ ಮಾತಿಲ್ಲ, ಸುಮ್ನೆ ಮಂಕಾಗಿ ಕೂತಿರುತ್ತಾರೆ. ಮುಂದುವರಿಸಬಹುದಾ?
– ಒಬ್ಬ ಓದುಗರು, ಕೊರಟಗೆರೆ

ಉತ್ತರ: ಬೇಡ. ಇವತ್ತೇ ನಿಲ್ಲಿಸಿ.

ಪುಡಿ ಕೊಟ್ಟವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸರ್ಪಗಂಧದ ಬೇರು ಬಿಪಿ ಇಳಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. 1931ರಲ್ಲೇ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ಬರೆದಿದ್ದರು. 1949ರಲ್ಲಿ ಮುಂಬೈನ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರದೇಶದವರ ಕಣ್ಣು ಈ ಬೇರಿನ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದರಿಂದ ರೆಸರ್ಪಿನ್ ಅನ್ನೋ ಸಾರ ಬೇರ್ಪಡಿಸಿದರು. ಆಮೇಲೆ ಎಷ್ಟೋ ವರ್ಷ ಅದೇ ಬಿಪಿ ಮಾತ್ರೆಯಾಗಿತ್ತು.

ಈಗ ಅದನ್ನು ಬರೆದುಕೊಡೋದು ಯಾಕೆ ಕಮ್ಮಿಯಾಯಿತು ಅಂದರೆ, ನಿಮ್ಮ ತಂದೆಗೆ ಆಗಿದೆಯಲ್ಲಾ, ಅದಕ್ಕೇ! ಮೂಗು ಕಟ್ಟುವುದು, ಮಂಕು ಕವಿಯುವುದು, ನಾಡಿ ನಿಧಾನವಾಗುವುದು ಎಲ್ಲಾ ರೆಸರ್ಪಿನ್‌ನ ಗೊತ್ತಿರುವ ಅಡ್ಡ ಪರಿಣಾಮಗಳು. ರಕ್ತನಾಳವನ್ನು ಬಿಗಿ ಹಿಡಿಯುವ ರಾಸಾಯನಿಕ ನರದ ತುದಿಯಲ್ಲಿ ಶೇಖರವಾಗಿರುತ್ತೆ. ಇದು ಆ ದಾಸ್ತಾನನ್ನೇ ಖಾಲಿ ಮಾಡುತ್ತೆ, ಹಾಗಾಗಿ ಬಿಪಿ ಇಳಿಯುತ್ತೆ. ಮಿದುಳಿನಲ್ಲೂ ಅದೇ ಕೆಲಸ ನಡೆಯೋದರಿಂದ ಮನಸ್ಸೂ ಕುಗ್ಗುತ್ತೆ. ಮಾತ್ರೆಯಲ್ಲಿ ರೆಸರ್ಪಿನ್ ದಿನಕ್ಕೆ ಕಾಲು ಮಿಲಿಗ್ರಾಂ ದಾಟುತ್ತಿದ್ದುದು ಅಪರೂಪ. ನಿಮ್ಮ ಚಮಚದಲ್ಲಿ ಎಷ್ಟಿದೆ? ಕೊಟ್ಟವರಿಗೂ ಗೊತ್ತಿರಲ್ಲ. ಬೇರಿನಿಂದ ಬೇರಿಗೆ ಸಾರ ಬದಲಾಗುತ್ತೆ, ಅದೇ ಜಾತಿಯ ಬೇರೆ ಗಿಡದ ಬೇರು ಬೆರೆಸುವುದೂ ಉಂಟು.

ಪುಡಿ ಬಿಟ್ಟರೂ ಅದರ ಪ್ರಭಾವ ಕೆಲವು ದಿನ ಮೈಯಲ್ಲಿ ಇರುತ್ತೆ. ಹಾಗಾಗಿ ಅಟೆನೊಲಾಲನ್ನು ನೀವೇ ಮತ್ತೆ ಶುರು ಮಾಡಬೇಡಿ, ಎರಡೂ ಸೇರಿದರೆ ನಾಡಿ ತೀರಾ ಇಳಿಯಬಹುದು. ಅಟೆನೊಲಾಲ್ ಅನ್ನು ಒಂದೇ ಸಲ ಬಿಡೋದೂ ಅಪಾಯವೇ, ಕೆಲವರಿಗೆ ಎದೆನೋವು ಬರುತ್ತೆ. ನಾಳೆಯೇ ಪುಡಿಯ ಪೊಟ್ಟಣ, ಹಳೇ ಮಾತ್ರೆ ಚೀಟಿ ಎರಡನ್ನೂ ಹಿಡಿದು ವೈದ್ಯರ ಹತ್ತಿರ ಹೋಗಿ. ಬೈತಾರೆ ಅಂತ ಪುಡಿಯ ವಿಷಯ ಮುಚ್ಚಿಡಬೇಡಿ. ತಲೆಸುತ್ತು ಬಂದರೆ, ನಾಡಿ 50ಕ್ಕಿಂತ ಕಮ್ಮಿ ಇದ್ದರೆ, ಅಥವಾ ಅಪ್ಪ ಬದುಕೇ ಬೇಡ ಅನ್ನೋ ಥರ ಮಾತಾಡಿದರೆ ನಾಳೆವರೆಗೂ ಕಾಯಬೇಡಿ. ಅವರಿಗೆ ಗಿಡಮೂಲಿಕೆಯೇ ಬೇಕಿದ್ದರೆ, ಓದಿಕೊಂಡ ಆಯುರ್ವೇದ ವೈದ್ಯರು ನಾಡಿ, ಬಿಪಿ ನೋಡಿಕೊಂಡು ಕೊಡಲಿ.

ಪ್ರಶ್ನೆ: ಬೆಳ್ಳುಳ್ಳಿ, ಗೋಂಗೂರ ತಿಂದರೆ ಬಿಪಿ ಇಳಿಯುತ್ತಾ?
– ಒಬ್ಬ ಗೃಹಿಣಿ, ಚಿಂತಾಮಣಿ

ಉತ್ತರ: ಬೆಳ್ಳುಳ್ಳಿಯಿಂದ ಸ್ವಲ್ಪ ಇಳಿಯುತ್ತೆ, ಆದರೆ ಮಾತ್ರೆ ಬಿಡುವಷ್ಟಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಹಸಿ ಬೆಳ್ಳುಳ್ಳಿ ಜಾಸ್ತಿ ತಿನ್ನುತ್ತಿದ್ದರೆ ಹಲ್ಲು ಕೀಳಿಸುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಗೋಂಗೂರದ ವಿಷಯಕ್ಕೆ ಬಂದರೆ, ಬಿಪಿ ಸ್ವಲ್ಪ ಇಳಿದದ್ದು ಕಂಡುಬಂದಿರೋದು ಆ ಜಾತಿಯ ಗಿಡದ ಹೂವಿನ ಬುಡದಲ್ಲಿರುವ ಕೆಂಪು ದಪ್ಪ ಎಸಳನ್ನು ಒಣಗಿಸಿ ಮಾಡಿದ ಕಷಾಯದಲ್ಲಿ. ಸೊಪ್ಪಿನ ಸಾರು ಧಾರಾಳವಾಗಿ ಮಾಡಿ, ಉಪ್ಪು ಕಮ್ಮಿ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದರೆ ಒಂದು ಟೀ ಚಮಚದ ಒಳಗೆ. ಗೋಂಗೂರ ಉಪ್ಪಿನಕಾಯಿಯನ್ನು ಮಾತ್ರ ದಯವಿಟ್ಟು ಔಷಧದ ಲೆಕ್ಕಕ್ಕೆ ಸೇರಿಸಬೇಡಿ.