ಹಿಮೋಫಿಲಿಯಾ (ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ) ಇರುವ ಹುಡುಗ ನೋಡಲು ಗಟ್ಟಿಮುಟ್ಟಾಗಿದ್ದರೂ ಬಸ್ಸಿನಲ್ಲಿ ನಿಲ್ಲಲಾರೆ ಅನ್ನುವುದೇಕೆ?

ಅವನ ಮಂಡಿಯ ಅಥವಾ ಪಾದದ ಕೀಲಿನೊಳಗೆ ಆಗಲೇ ರಕ್ತ ಜಿನುಗುತ್ತಿರಬಹುದು, ಅದಕ್ಕೇ.

ಸಣ್ಣ ಗಾಯವಾದರೂ ಇವರಿಗೆ ರಕ್ತ ಧಾರೆಯಾಗಿ ಸುರಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು (8 ಅಥವಾ 9ನೇ ಫ್ಯಾಕ್ಟರ್) ಕಡಿಮೆ ಇರುವುದರಿಂದ ರಕ್ತ ನಿಲ್ಲುವುದು ತಡವಾಗುತ್ತದೆಯೇ ಹೊರತು ಜೋರಾಗಿ ಹರಿಯುವುದಿಲ್ಲ. ತೊಂದರೆ ಹೆಚ್ಚಾಗಿ ಒಳಗೇ. ರಕ್ತ ತುಂಬಿದ ಕೀಲಿನ ಒಳಪದರ ಊದಿಕೊಂಡು ಅಲ್ಲಿ ನಾಜೂಕಾದ ಹೊಸ ರಕ್ತನಾಳಗಳು ಹುಟ್ಟುತ್ತವೆ. ಮುಂದಿನ ಸಲ ಅದೇ ಕೀಲು ಇನ್ನೂ ಸುಲಭವಾಗಿ ಸೋರುತ್ತದೆ, ವರ್ಷಗಳು ಕಳೆದಂತೆ ಸವೆಯುತ್ತದೆ.

ಊತ ಕಾಣುವ ಮೊದಲೇ ಕೀಲು ಜುಮುಗುಟ್ಟುವುದು ಅವನಿಗೆ ಗೊತ್ತಾಗುತ್ತದೆ, ನಮಗಲ್ಲ. ಆ ಹೊತ್ತಿಗೇ ಫ್ಯಾಕ್ಟರ್ ಚುಚ್ಚುಮದ್ದು ಸಿಕ್ಕರೆ ಹಾನಿ ಕಡಿಮೆ. ಹಾಗಾಗಿ "ಸ್ವಲ್ಪ ತಡ್ಕೋ" ಅನ್ನುವ ಮಾತೇ ನನ್ನ ಪ್ರಕಾರ ಅಪಾಯಕಾರಿ. ನಿನ್ನೆ ಓಡಾಡಿಕೊಂಡಿದ್ದವನು ಇಂದು ಶಾಲೆಗೆ ಬಾರದಿದ್ದರೆ ಅದು ಸೋಮಾರಿತನವಲ್ಲ. ನೋವಿಗೆಂದು ಆಸ್ಪಿರಿನ್ ಕೊಡಲೇಬೇಡಿ; ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಹಿಮೋಫಿಲಿಯಾವೂ ಇದೆ. ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿಗೆ ಮನೆಯವರು ಅರ್ಜಿ ಹಾಕಬಹುದು.