ಕಲಾವಿದೆಯರು ಯಾಕೆ ಸದಾ ತಮ್ಮನ್ನೇ ಚಿತ್ರಿಸಿಕೊಳ್ಳುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ‘ಆತ್ಮರತಿ’ ಅನ್ನೋ ಪದ ಓದಿ ಮೊದಲು ರೇಗಿತು. ಹೆಣ್ತನ, ಹೆಣ್ಣಿನ ಪಾತ್ರ ಅಂತ ಮಾತು ಬಂದ ಕೂಡಲೇ ಕಲಾವಿದೆಯರು ತಮ್ಮ ಮುಖ, ತಮ್ಮ ಮೈಯನ್ನೇ ಯಾಕೆ ಮುಂದಿಡುತ್ತಾರೆ ಅಂತ ಕೇಳಿದ್ದೀರಿ. ಚಿತ್ರಕಲೆ ಕಲಿಯಲು ಶುರು ಮಾಡಿದಾಗ ನನಗೂ ಹಾಗೇ ಅನ್ನಿಸುತ್ತಿತ್ತು, ಹಾಗಾಗಿ ರೇಗಾಡುವ ಹಕ್ಕು ನನಗಿಲ್ಲ.

ಅದಕ್ಕೆ ತೀರಾ ಲೌಕಿಕವಾದ ಕಾರಣವೊಂದಿದೆ. ಯುರೋಪಿನಲ್ಲಿ ದೊಡ್ಡ ಚಿತ್ರಕಾರ ಅನ್ನಿಸಿಕೊಳ್ಳಬೇಕಾದರೆ ಮನುಷ್ಯನ ಮೈ ಬಿಡಿಸಲು ಬರಬೇಕಿತ್ತು. ಅದನ್ನು ಕಲಿಯುವುದು ನಗ್ನ ರೂಪದರ್ಶಿಯ ಎದುರು ಕೂತು. ಅಲ್ಲಿಗೆ ಹೆಂಗಸರು ಹೋಗುವಂತಿರಲಿಲ್ಲ. ಚಿತ್ರಕಾರರ ಸಂಘವೂ ಕಲಾಶಾಲೆಯೂ ಆಗಿದ್ದ ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು: ಏಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಕೆಲವೇ ವರ್ಷಗಳಲ್ಲಿ ಯೋಹಾನ್ ಜೋಫನಿ ಅನ್ನುವವನು ಸದಸ್ಯರದೊಂದು ಗುಂಪುಚಿತ್ರ ಬರೆದ. ಗಂಡಸರೆಲ್ಲ ರೂಪದರ್ಶಿಗಳ ಸುತ್ತ ಹರಟುತ್ತ ನಿಂತಿದ್ದಾರೆ. ಆ ಇಬ್ಬರನ್ನು ಹುಡುಕಿ ನೋಡಿ, ಗೋಡೆಗೆ ತಗುಲಿಹಾಕಿದ ಎರಡು ಭಾವಚಿತ್ರಗಳಾಗಿದ್ದಾರೆ! ಬೆತ್ತಲೆ ಗಂಡಸಿರುವ ಕೋಣೆಯಲ್ಲಿ ಅವರನ್ನು ನಿಲ್ಲಿಸುವುದು ಮರ್ಯಾದೆಯಲ್ಲವಲ್ಲ. ಅಲ್ಲಿನ ವಿದ್ಯಾರ್ಥಿನಿಯರಿಗೆ ಜೀವಂತ ರೂಪದರ್ಶಿಯ ತರಗತಿ ತೆರೆದದ್ದು 1893ರಲ್ಲಿ, ಅದೂ ರೂಪದರ್ಶಿಗೆ ಬಟ್ಟೆ ಸುತ್ತಿ. ಇಂಥ ಕಡೆ ಯಾರ ಅಪ್ಪಣೆಯೂ ಬೇಡದೆ, ದುಡ್ಡೂ ಕೇಳದೆ ಸಿಗುವ ರೂಪದರ್ಶಿ ಅಂದರೆ ಕನ್ನಡಿಯೊಳಗಿನವಳೇ.

ಇದು ಗೊತ್ತಿದ್ದರೆ ಇಂಗ್ಲೆಂಡಿನ ಚಿತ್ರಕಾರ್ತಿ ಲಾರಾ ನೈಟ್ 1913ರಲ್ಲಿ ಮಾಡಿದ ಸ್ವಚಿತ್ರ ಬೇರೆಯೇ ಥರ ಕಾಣುತ್ತದೆ. ಆಕೆ ಓದುವಾಗ ಪ್ಲಾಸ್ಟರ್ ಬೊಂಬೆಗಳನ್ನು ನೋಡಿ ಬಿಡಿಸಿ ಕಲಿತವಳು. ಈ ಚಿತ್ರದಲ್ಲಿ ಕೆಂಪು ಮೇಲಂಗಿ, ತಲೆಗೆ ಹ್ಯಾಟು, ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಎದುರಿಗೆ ಬೆತ್ತಲೆ ನಿಂತ ರೂಪದರ್ಶಿ. ಪಕ್ಕದ ಕ್ಯಾನ್ವಾಸಿನಲ್ಲಿ ಅದೇ ಮೈ ಅರ್ಧ ಮೂಡಿದೆ. ತನ್ನ ಮುಖ ತೋರಿಸುವ ಹಂಬಲ ಇದ್ದವಳು ಬೆನ್ನು ಹಾಕಿ ನಿಲ್ಲುತ್ತಾಳೆಯೇ? ನಾನು ಈ ಕೋಣೆಯಲ್ಲಿದ್ದೇನೆ, ಕೈಯಲ್ಲಿ ಕುಂಚ ಇದೆ, ಅಷ್ಟೇ ಆಕೆಯ ಮಾತು. ಅಕಾಡೆಮಿ ಆ ಚಿತ್ರವನ್ನು ತಿರಸ್ಕರಿಸಿತು. 1936ರಲ್ಲಿ ಆಕೆಯನ್ನೇ ಪೂರ್ಣ ಸದಸ್ಯೆಯಾಗಿ ಆರಿಸಿತು. ಕಾಫ್‌ಮನ್, ಮೋಸರ್ ಆದಮೇಲೆ ಆಕೆಯೇ ಮೊದಲನೆಯವಳು.

ಮುಂದೆ ಕ್ಯಾಮೆರಾ ಬಂದಮೇಲೆ ಮುಖ ಅನ್ನುವುದು ವೇಷದ ಸಾಮಾನಾಯಿತು. ಅಮೆರಿಕದ ಕಲಾವಿದೆ ಸಿಂಡಿ ಶೆರ್ಮನ್ 1977ರಿಂದ 1980ರವರೆಗೆ ತೆಗೆದ ಕಪ್ಪುಬಿಳುಪು ಸರಣಿಯಲ್ಲಿ ಪ್ರತಿ ಚಿತ್ರದಲ್ಲೂ ಅವಳೇ, ಆದರೆ ಒಂದೂ ಅವಳ ಸ್ವಚಿತ್ರವಲ್ಲ. ಗೃಹಿಣಿ, ಕೆಲಸ ಹುಡುಕುತ್ತ ಪೇಟೆಗೆ ಬಂದ ಹುಡುಗಿ, ಯಾರಿಗೋ ಕಾಯುವವಳು. ಯಾವುದೋ ಸಿನಿಮಾದಲ್ಲಿ ನೋಡಿದ್ದೇನಲ್ಲ ಅನ್ನಿಸುತ್ತದೆ, ಆ ಸಿನಿಮಾವೇ ಇಲ್ಲ. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಕೆಲಸ ನನಗೆ ಇದಕ್ಕಿಂತ ತುಂಟತನದ್ದು. ಒಂದರಲ್ಲಿ ರವಿವರ್ಮನ ಲಕ್ಷ್ಮಿ ಆಗುತ್ತಾರೆ. ಇನ್ನೊಂದರಲ್ಲಿ ಬ್ರಿಟಿಷರು ‘ನೇಟಿವ್’ ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳೆಯುತ್ತಿದ್ದರಲ್ಲ, ಆ ಭಂಗಿಗೆ ತಾವೇ ನಿಲ್ಲುತ್ತಾರೆ. ಪೂಜೆಗಿಟ್ಟವಳಿಗೂ ಅಳತೆಗಿಟ್ಟವಳಿಗೂ ಒಂದೇ ಮೈ.

ನಿಮ್ಮ ತಕರಾರು ಸಲ್ಲುವ ಕಡೆಯೂ ಇದೆ, ಸುಳ್ಳು ಹೇಳಲಾರೆ. ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ 1979ರಲ್ಲಿ ಮುಗಿಸಿದ ತ್ರಿಕೋನದ ಊಟದ ಮೇಜಿನಲ್ಲಿ ಚರಿತ್ರೆಯ, ಪುರಾಣದ 39 ಹೆಂಗಸರಿಗೆ ಎಡೆ ಇದೆ. ತಟ್ಟೆಗಳ ಮೇಲೆ ಬಹುಪಾಲು ಯೋನಿಯ ಆಕಾರಗಳೇ. ರಾಣಿಗೂ ಕವಯಿತ್ರಿಗೂ ಅದೇ ಗುರುತು ಸಾಕೇ? ನನಗಂತೂ ಹಿಡಿಸುವುದಿಲ್ಲ.

ಆದರೆ ಮುಖವೇ ಇಲ್ಲದ ಕೆಲಸಗಳನ್ನು ನೀವು ಲೆಕ್ಕಕ್ಕೇ ತಗೊಂಡಿಲ್ಲ. ನ್ಯೂಯಾರ್ಕಿನ ಕಲಾವಿದೆ ಮೈರ್ಲ್ ಲೇಡರ್‌ಮನ್ ಯುಕೆಲಿಸ್ ಮಗುವಾದಮೇಲೆ, 1969ರಲ್ಲಿ, ಒರೆಸುವುದು, ಅಡುಗೆ, ಮಗುವಿನ ಬಟ್ಟೆ ಬದಲಿಸುವುದು, ಇದೆಲ್ಲ ಇನ್ನು ಮೇಲೆ ಕಲೆ ಅಂತ ಘೋಷಿಸಿಬಿಟ್ಟಳು. 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ವಸ್ತುಸಂಗ್ರಹಾಲಯಕ್ಕೆ ಹೋಗಿ ಮೊಣಕಾಲೂರಿ ಗಂಟೆಗಟ್ಟಲೆ ಮೆಟ್ಟಿಲು ಉಜ್ಜಿದಳು. ಜನ ತುಳಿದುಕೊಂಡು ಓಡಾಡುವುದು, ಇವಳು ಮತ್ತೆ ಉಜ್ಜುವುದು. ಬರುಬರುತ್ತ ಅದು ಹೆಣ್ಣಿನ ಪಾತ್ರದ ಮಾತಾಗಿಯೂ ಉಳಿಯಲಿಲ್ಲ: 1979–80ರಲ್ಲಿ ನ್ಯೂಯಾರ್ಕಿನ 8,500 ಕಸ ತೆಗೆಯುವ ಕಾರ್ಮಿಕರ ಕೈ ಕುಲುಕಿ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದಳು.

ಒಂದೇ ಕೃತಿ ನೋಡಲು ಪುರುಸೊತ್ತು ಇದ್ದರೆ ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು 1998ರಲ್ಲಿ ಮಾಡಿದ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಹುಡುಕಿ. ಉದ್ದುದ್ದ ದಾರಗಳನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅಂಟು ಕುಂಕುಮ ಸವರಿ, ಹಗ್ಗದ ಹಾಗೆ ಕಟ್ಟಿದ್ದಾರೆ. ಆ ಕೆಂಪು ಹಗ್ಗ ಗೋಡೆ ಹತ್ತಿ ಇಳಿದು ನೆಲದಲ್ಲಿ ಕರುಳಿನ ಹಾಗೆ ಸುತ್ತಿಕೊಂಡಿರುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು. ಅದರಲ್ಲಿ ಯಾವ ಹೆಂಗಸಿನ ಚಿತ್ರವೂ ಇಲ್ಲ.